ಮಾಮಾ, ಮಡ್‌ಗಾರ್ಡು ಮತ್ತು ಮೀರಜದ ಬಸ್ಸು

ಹೋದ ತಿಂಗಳು ನಿಪ್ಪಾಣಿಯ ಗ್ಯಾರೇಜೊಂದರಲ್ಲಿ ಕಾರು ಸರ್ವಿಸಿಂಗಿಗೆ ಬಿಟ್ಟು, ಹೊರಗಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದೆ. ಮೆಕ್ಯಾನಿಕ್ಕು ಮುಂದಿನ ಗಾಲಿಯ ಸಂದಿಯಿಂದ ಹರಿದ ಕರಿ ಪ್ಲಾಸ್ಟಿಕ್ಕಿನ ತುಂಡೊಂದನ್ನು ಎಳೆದು ತಂದು ನನ್ನ ಮುಂದೆ ಹಿಡಿದ. “ಇದು ಹರದೈತ್ರಿ ಸರ್. ಹೊಸಾದು ಹಾಕೂಣೇನ್ರಿ?” ಎಂದ. ನಾನು ಹೂಂ ಎನ್ನುವಷ್ಟರಲ್ಲಿ ಹೊಸದೊಂದನ್ನು ತಂದು ಅದರ ಚೀಲ ಹರಿದ. ನಿಪ್ಪಾಣಿಯಲ್ಲಿ ತಂಬಾಕಿನ ಘಾಟು ದಾಟಿ ಬೇರೊಂದು ವಾಸನೆ ಮೂಗಿಗೆ ಮುಟ್ಟುವುದು ಸುಲಭವಲ್ಲ. ಈ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮುಟ್ಟಿತು. ಮುಟ್ಟಿದ ಕೂಡಲೇ ನನ್ನ ಸೊಂಟ ನೋಯತೊಡಗಿತು, ಕತ್ತು ಹಿಡಿದುಕೊಂಡಿತು. “ಹಿಡಿ ಅಂದ್ರ ನೆಟ್ಟಗ ಹಿಡೀಬೇಕಲೇ ಮಾಸ್ತರ!” ಎಂದು ಯಾರೋ ಕಿವಿಯ ಹತ್ತಿರವೇ ಬೈದಂತಾಗಿ ಚಹಾ ಪ್ಯಾಂಟಿನ ಮೇಲೆ ಚೆಲ್ಲಿಕೊಂಡೆ.

ಬೈದವನು ನನ್ನ ಮಾಮಾ, ಅಂದರೆ ತಾಯಿಯ ತಮ್ಮ. ಬೈದದ್ದು ಕೆಲವು ವರ್ಷಗಳ ಹಿಂದೆ, ಉಗಾರ ಖುರ್ದದ ಹತ್ತಿರದ ಅವನ ತೋಟದ ಮನೆಯಲ್ಲಿ.

ನಿಮಗೆ ಕಾರಿನ ಒಳಗುಟ್ಟು ಗೊತ್ತಿಲ್ಲದಿದ್ದರೆ ಚಿಂತೆ ಇಲ್ಲ. ನನಗೂ ಗೊತ್ತಿರಲಿಲ್ಲ, ಗೊತ್ತಾದದ್ದರಿಂದ ಏನೂ ಸುಖವಾಗಿಲ್ಲ. ಗಾಲಿಯ ಮೇಲೆ ಕಮಾನಿನಂತೆ ಬಾಗಿರುವ ತಗಡಿಗೆ ಮಡ್‌ಗಾರ್ಡು ಎನ್ನುತ್ತೇವಲ್ಲ, ಅದರ ಒಳಮೈಗೆ ಕೆಸರು, ಕಲ್ಲು ಬಡಿಯದಿರಲೆಂದು ಹಾಕುವ ಪ್ಲಾಸ್ಟಿಕ್ ಹೊದಿಕೆ ಇದು. ಈಗಿನ ಕಾರುಗಳು ಹುಟ್ಟುತ್ತಲೇ ಇದನ್ನು ಉಟ್ಟುಕೊಂಡು ಬರುತ್ತವೆ. ಹಳೆಯ ಕಾರುಗಳಿಗೆ ಇರಲಿಲ್ಲ. ಮಾಮಾನ ಹತ್ತಿರ ಇದ್ದದ್ದು ಹಳೆಯ ಅಂಬಾಸಡರ್.

ಮಾಮಾನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ಅವನ ಹೆಗಲ ಮೇಲೆ ಕೂತು ಬೆಳೆದವನು ನಾನು. ಮಾಮಿಗೆ ಮಾತ್ರ ಬಹುವಚನ. ಅವರ ಮುಂದೆ ಏಕವಚನ ನನ್ನ ಬಾಯಿಂದ ಹೊರಡುವುದಿಲ್ಲ, ಮಾಮಾನ ಬಾಯಿಂದಲೂ ಹೆದರಿಕೊಂಡೇ ಹೊರಡುತ್ತದೆ. ಅವರ ತವರು ಗಡಿಯಾಚೆ, ಮೀರಜದ ಹತ್ತಿರದ ಹಳ್ಳಿ. ಸಮಾಧಾನವಿದ್ದಾಗ ನಮ್ಮೆಲ್ಲರಿಗಿಂತ ಚೆನ್ನಾದ ಕನ್ನಡ ಮಾತಾಡುತ್ತಾರೆ. ಸಿಟ್ಟು ಬಂದರೆ ಮರಾಠಿ. ಆದ್ದರಿಂದ ಆ ಮನೆಯಲ್ಲಿ ಹವಾಮಾನ ತಿಳಿಯಲು ಭಾಷೆ ಕೇಳಿದರೆ ಸಾಕು.

ಮಾಮಾ ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಇದ್ದವನು. ಕಬ್ಬಿನ ಟ್ರಾಲಿಗಳನ್ನು ತೂಗುವ ಕೆಲಸ. ಜೀವನವಿಡೀ ತೂಗಿ ತೂಗಿ, ಯಾವುದನ್ನೂ ಒಮ್ಮೆ ನೋಡಿ ನಂಬದ ಸ್ವಭಾವ ಬಂದಿತ್ತು. ಬದನೆಕಾಯಿಯನ್ನೂ ತಿರುಗಿಸಿ ತಿರುಗಿಸಿ ನೋಡಿ ಮಾರುವವಳನ್ನು ಅಳುವಂತೆ ಮಾಡುತ್ತಿದ್ದ. ಆ ಅಂಬಾಸಡರನ್ನು ಅವನು ಕಾರ್ಖಾನೆಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಕೊಂಡುಕೊಂಡಿದ್ದ. ಕೆನೆ ಬಣ್ಣ, ದುಂಡು ಮೈ, ಸೋಫಾದಂಥ ಸೀಟು. ಅಥಣಿಯಲ್ಲಿರುವ ಮಗಳು, ಅಳಿಯ ಇಬ್ಬರೂ “ಅದನ್ನ ಕೊಟ್ಟು ಒಂದು ಹೊಸಾದು ತಗೊ ಅಪ್ಪಾ” ಎಂದು ಹೇಳಿ ಹೇಳಿ ಸುಸ್ತಾಗಿದ್ದರು. ಮಾಮಾ ಕೇಳುವವನಲ್ಲ. ಅದರ ಮೇಲೆ, ನಾನು ಹೇಳುತ್ತಿರುವ ಆ ವರ್ಷ ಅವನಿಗೆ ಒಂದು ಗಟ್ಟಿ ಕಾರಣವೂ ಸಿಕ್ಕಿತ್ತು. ಮಾಮಿ ಬಿದ್ದಿದ್ದರು.

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದು, ಮೀರಜದ ಆಸ್ಪತ್ರೆಯಲ್ಲಿ ಹೊಸ ಕೀಲು ಕೂರಿಸಿದ್ದರು. ತಗ್ಗಿನ ಸೀಟಿನಲ್ಲಿ ಕೂರಬಾರದು, ಕುಕ್ಕರುಗಾಲಿನಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಮಗಳ ಹೊಸ ಕಾರಿನ ಸೀಟು ನೆಲಕ್ಕೆ ಹತ್ತಿಕೊಂಡಂತಿತ್ತು. ಅಂಬಾಸಡರಿನಲ್ಲಿ ಮಾತ್ರ ಮಾಮಿ ಕುರ್ಚಿಯಲ್ಲಿ ಕೂತಂತೆ ಕೂರಬಹುದಿತ್ತು. ಹಾಗಾಗಿ ವಾರಕ್ಕೊಮ್ಮೆ ವ್ಯಾಯಾಮಕ್ಕೆಂದು ಕಾಗವಾಡದ ಮೇಲೆ ಹಾಯ್ದು ಮೀರಜಕ್ಕೆ ಅದೇ ಗಾಡಿಯಲ್ಲಿ ಹೋಗಿಬರುತ್ತಿದ್ದರು.

ಇಷ್ಟಾಗಿದ್ದರೆ ಚೆನ್ನಾಗಿಯೇ ಇತ್ತು. ಆದರೆ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು: ನಡೆಯಬೇಕು, ದಿನಾ ಸ್ವಲ್ಪ ಹೆಚ್ಚು ಹೆಚ್ಚು ನಡೆಯಬೇಕು. ಅದು ಮಾಮಾನ ಕಿವಿಗೆ ಬೀಳಲೇ ಇಲ್ಲ. “ಗಾಡಿ ಐತಲ್ಲ, ಯಾಕ ನಡೀಬೇಕು? ಮತ್ತ ಬೀಳಬೇಕೇನು?” ಎನ್ನುತ್ತಿದ್ದ. ತೋಟದ ದಾರಿಯಾಚೆಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಬೇಕಾದರೂ ಗಾಡಿ ಹೊರಡುತ್ತಿತ್ತು. ಎಂಜಿನ್ನು ಬಿಸಿಯಾಗುವ ಮೊದಲೇ ಆ ಮನೆ ಬಂದುಬಿಡುತ್ತಿತ್ತು. ಮಾಮಿ ವಾಕರು ಹಿಡಿದು ಅಂಗಳಕ್ಕೆ ಇಳಿದರೆ ಮಾಮಾ ಹಿಂದೆ ಹಿಂದೆ ಎರಡೂ ಕೈ ಚಾಚಿಕೊಂಡು ಓಡಾಡುತ್ತಿದ್ದ, ಮೊಸರಿನ ಗಡಿಗೆ ಜಾರೀತೆಂದು ಕಾಯುವವನ ಹಾಗೆ. ಕೊನೆಗೆ ಮಾಮಿ ಬೇಜಾರಾಗಿ ಪಡಸಾಲೆಯ ಕುರ್ಚಿಯಲ್ಲೇ ಕೂತುಬಿಟ್ಟರು.

ಇಂಥ ಹೊತ್ತಿನಲ್ಲಿ ಕಬ್ಬಿನ ಹಂಗಾಮು ಬಂತು. ಆ ಕಡೆಯ ರಸ್ತೆ ನೀವು ಹಂಗಾಮಿನಲ್ಲಿ ನೋಡಬೇಕು. ನೀರು ಹಾಯಿಸಿದ ಎರೆಹೊಲದಿಂದ ಹೊರಬಿದ್ದ ಟ್ರ್ಯಾಕ್ಟರುಗಳು ಗಾಲಿಗೆ ಮೆತ್ತಿದ ಕೆಸರನ್ನೆಲ್ಲ ಡಾಂಬರಿನ ಮೇಲೆ ಕೆಡವುತ್ತ ಹೋಗುತ್ತವೆ. ಅದರ ಮೇಲೊಂದು ಅಕಾಲದ ಮಳೆ ಬಿತ್ತು. ಅಂಬಾಸಡರಿನ ಮಡ್‌ಗಾರ್ಡಿನೊಳಗೆ ವರ್ಷಾನುಗಟ್ಟಲೆ ಸೇರಿಕೊಂಡಿದ್ದ ಮಣ್ಣು ತಗಡಿಗೆ ಜಂಗು ಹಿಡಿಸಿ, ತಿಂದು ತೂತು ಮಾಡಿತ್ತು. ಒಂದು ದಿನ ಮೀರಜದ ದಾರಿಯಲ್ಲಿ ಕೆಸರುನೀರು ನೇರ ಮಾಮಿಯ ಪಾದದ ಮೇಲೆ ಬಂದು ಬಿತ್ತು. ಅದೇ ದಿನ ಸಂಜೆ ನನಗೆ ಫೋನು.

“ಮಾಸ್ತರ, ಗಾಲಿ ಮ್ಯಾಲ ಒಳಗ ಹಾಕೂ ಪ್ಲಾಸ್ಟಿಕ್ ಸಿಗತೈತಂತ. ನಿನ್ನ ಇಂಟರ್‌ನೆಟ್ಟಿನ್ಯಾಗ ನೋಡ.”

ನಾನು ಚಿಕ್ಕೋಡಿಯಲ್ಲಿ ಹೈಸ್ಕೂಲು ಮಾಸ್ತರ. ಇಂಟರ್‌ನೆಟ್ಟು ನನ್ನದಲ್ಲ ಎಂದು ಮಾಮಾನಿಗೆ ತಿಳಿಸಿ ಹೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ನೋಡಿದೆ. ‘ಎಲ್ಲ ಹಳೆಯ ಕಾರುಗಳಿಗೂ ಹೊಂದುತ್ತದೆ’ ಎಂದು ಬರೆದಿದ್ದರು. ಎಲ್ಲರಿಗೂ ಹೊಂದುತ್ತದೆ ಎಂದು ಹೇಳಿ ಮಾರಿದ ಯಾವ ವಸ್ತು ಯಾರಿಗೆ ಹೊಂದಿದೆ ಹೇಳಿ? ನಮ್ಮ ಶಾಲೆಗೆ ಒಂದು ವರ್ಷ ಎಲ್ಲರಿಗೂ ಒಂದೇ ಅಳತೆಯ ಸ್ವೆಟರು ಬಂದಿದ್ದವು. ಅರ್ಧ ಮಕ್ಕಳ ಕೈ ಕಾಣುತ್ತಿರಲಿಲ್ಲ, ಇನ್ನರ್ಧ ಮಕ್ಕಳ ಹೊಟ್ಟೆ ಕಾಣುತ್ತಿತ್ತು. ಆದರೂ ತರಿಸಿದೆ. ಪಾರ್ಸಲ್ಲು ತೋಟದ ಮನೆಗೆ ಬರುವುದಿಲ್ಲವೆಂದು ನನ್ನ ವಿಳಾಸ ಕೊಟ್ಟು, ಬಂದ ಮೇಲೆ ದೀಪಾವಳಿ ರಜೆಯಲ್ಲಿ ಅದನ್ನು ಹೊತ್ತುಕೊಂಡು ಉಗಾರಕ್ಕೆ ಹೋದೆ. ಕೊಟ್ಟು, ಊಟ ಮಾಡಿ, ಸಂಜೆ ತಿರುಗಿ ಬರುವ ವಿಚಾರವಿತ್ತು.

ಆ ವಿಚಾರ ನೆನೆದರೆ ಈಗಲೂ ನನ್ನ ಮೇಲೆ ನನಗೇ ಕನಿಕರ ಬರುತ್ತದೆ.

ಮೊದಲು ಮಾಮಾ ರಾಯಬಾಗದಿಂದ ಒಬ್ಬ ಗಾಡಿ ಮೇಸ್ತ್ರಿಯನ್ನು ಕರೆಸಿದ್ದ. ಅವನು ಬಂದ, ಪ್ಲಾಸ್ಟಿಕ್ಕನ್ನು ಬೆರಳಿಂದ ಬಡಿದು ನೋಡಿದ, “ಆಗ್ತೈತ್ರಿ, ಯಾಕ ಆಗಂಗಿಲ್ಲ” ಅಂದ, ಚಹಾ ಕುಡಿದ, ಸಂಬಂಧಿಕರ ಮದುವೆಗೆಂದು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಬಹುಶಃ ಆ ಹಂಗಾಮಿನಲ್ಲಿ ನಮ್ಮೆಲ್ಲರಿಗಿಂತ ಬುದ್ಧಿವಂತ ಅವನೇ. “ಅವನ ಕೈಲೇ ಏನಾಗ್ತೈತಿ, ನಾವಽ ಮಾಡೂಣು ಬಾ” ಎಂದು ಮಾಮಾ ಲುಂಗಿ ಎತ್ತಿ ಕಟ್ಟಿದ.

ಜಾಕು ಹಚ್ಚಿ, ಕೆಳಗೆ ಕಲ್ಲು ಕೊಟ್ಟು, ಗಾಲಿ ಬಿಚ್ಚುವುದರಲ್ಲೇ ಅರ್ಧ ದಿನ ಹೋಯಿತು. ನಟ್ಟುಗಳು ಸಾಹೇಬರ ಕಾಲದಿಂದಲೂ ಅಲ್ಲೇ ಇದ್ದು ಹೊರಗಿನ ಜಗತ್ತನ್ನು ಮರೆತಿದ್ದವು. ನಾನು ನಟ್ಟು ತಿರುಗಿಸುವ ಪಾನಾದ ಮೇಲೆ ನಿಂತು ಕುಣಿದೆ. ಆಮೇಲೆ ಒಳಗಿನ ಮಣ್ಣು ಕೆದರಿದೆವು. ಮಣ್ಣು, ಕಬ್ಬಿನ ಒಣ ಸೋಗೆ, ಒಂದು ಹಳೆಯ ಚಪ್ಪಲಿಯ ಪಟ್ಟಿ, ಬುಟ್ಟಿಗಟ್ಟಲೆ ಬಂತು. ಪಡಸಾಲೆಯ ಕುರ್ಚಿಯಿಂದ ಮಾಮಿ ನೋಡುತ್ತಿದ್ದರು.

“ಇಷ್ಟ ಮಣ್ಣ ಐತಿ ಅಂತ ಮೊದಲಽ ಹೇಳಿದ್ರ, ಅದರಾಗ ಬದನಿ ಗಿಡ ಹಚ್ಚತಿದ್ನಿ,” ಅಂದರು. ಕನ್ನಡದಲ್ಲೇ ಅಂದರು. ಅಂದರೆ ಇನ್ನೂ ಆಪತ್ತಿರಲಿಲ್ಲ.

ಪ್ಲಾಸ್ಟಿಕ್ಕು ಕೂರಲಿಲ್ಲ. ಮೇಲೆ ಕೂತರೆ ಕೆಳಗೆ ಎದ್ದಿತು, ಕೆಳಗೆ ಒತ್ತಿದರೆ ಮೇಲಿನಿಂದ ಚಿಮ್ಮಿ ನನ್ನ ಮೂಗಿಗೆ ಬಡಿಯಿತು. ನಾನು ಅಂಗಾತ ಮಲಗಿ ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿಯಬೇಕು, ಮಾಮಾ ದೂರ ನಿಂತು ಒಂದು ಕಣ್ಣು ಮುಚ್ಚಿ ಅಳೆಯಬೇಕು. “ಇನ್ನಷ್ಟ ಮ್ಯಾಲ. ಅಷ್ಟಲ್ಲಲೇ. ಕೆಳಗ. ಹಿಡಿ ಅಂದ್ರ ನೆಟ್ಟಗ ಹಿಡೀಬೇಕಲೇ ಮಾಸ್ತರ!” ಕಾಟಾದ ಮೇಲೆ ಟ್ರಾಲಿ ನಿಲ್ಲಿಸಿದ ಹಾಗೆ ನನ್ನನ್ನು ನಿಲ್ಲಿಸಿದ್ದ. ಕತ್ತರಿಸಬೇಕೆಂದು ತೀರ್ಮಾನವಾಯಿತು. ಎಲ್ಲಿ ಕತ್ತರಿಸಬೇಕೆಂದು ತೀರ್ಮಾನವಾಗಲಿಲ್ಲ. ಕೊನೆಗೆ ಕತ್ತರಿಸಿದ್ದು ಎಡಗಡೆಯದಕ್ಕೆ ಹೆಚ್ಚಾಯಿತು, ಬಲಗಡೆಯದಕ್ಕೆ ಕಡಿಮೆಯಾಯಿತು. ಇನ್ನು ಸ್ಕ್ರೂ ಹಾಕಲು ತಗಡಿಗೆ ತೂತು ಕೊರೆಯಬೇಕು. ಅಲ್ಲಿ ಮಾಮಾ ಡ್ರಿಲ್ಲು ಹಿಡಿದು ನಿಂತವನು ನಿಂತೇ ಇದ್ದ. “ಚಲೋ ಪತ್ರಾಕ್ಕ ಹೆಂಗ ತೂತ ಹೊಡೀಲೋ?” ಅಂದ. ಜಂಗು ತಿಂದು ಮಾಡಿದ ತೂತು ಮುಷ್ಟಿ ಹೋಗುವಷ್ಟು ದೊಡ್ಡದಿತ್ತಂತೆ. ನಾನು ಬರುವ ಮೊದಲೇ ಅದಕ್ಕೆ ವೆಲ್ಡಿಂಗ್ ಮಾಡಿಸಿ ತಂದವನೂ ಅವನೇ. ಆದರೆ ತಾನೇ ಒಂದು ಸಣ್ಣ ತೂತು ಕೊರೆಯಲು ಅವನ ಕೈ ಬರಲಿಲ್ಲ. ಕೈ ಬಂದಾಗ ಕರೆಂಟು ಹೋಗಿತ್ತು.

ಹೀಗೆ ದಿನಗಳು ಜಾರಿ, ಮೀರಜಕ್ಕೆ ಹೋಗುವ ದಿನ ಬಂದೇಬಿಟ್ಟಿತು. ಗಾಡಿ ಒಂದು ಗಾಲಿ ಇಲ್ಲದೆ ಕಲ್ಲುಗಳ ಮೇಲೆ ಕೂತಿತ್ತು. ಮಾಮಿ ಸೀರೆ ಉಟ್ಟು ಸಿದ್ಧರಾಗಿದ್ದರು.

“ಒಂದ ತಾಸ ತಡಿ, ಗಾಲಿ ಹಾಕಿಬಿಡ್ತೀನಿ,” ಅಂದ ಮಾಮಾ. ಗಾಲಿ ಹಾಕಿದರೆ ಅದು ಅರ್ಧ ಕೂತ ಪ್ಲಾಸ್ಟಿಕ್ಕಿಗೆ ಸಿಕ್ಕಿ ತಿರುಗಲೇ ಇಲ್ಲ. ಪ್ಲಾಸ್ಟಿಕ್ಕು ತೆಗೆಯೋಣವೆಂದರೆ ಸ್ಕ್ರೂ ಒಂದರ ತಲೆ ಸವೆದುಹೋಗಿತ್ತು. ಮಾಮಾ ಪಕ್ಕದ ತೋಟದವರ ಕಾರು ತರಿಸಿದ. ಮಾಮಿ ಅದರಲ್ಲಿ ಕೂರಲು ಬಗ್ಗಿದರು, ಅರ್ಧಕ್ಕೇ ಮುಖ ಕಿವುಚಿ ಬಾಗಿಲು ಹಿಡಿದು ನಿಂತುಬಿಟ್ಟರು. ಆಗದು. ಆ ಕಾರು ತಿರುಗಿ ಹೋಯಿತು.

“ಇವತ್ತೊಂದಿನ ಬಿಡೂಣು. ಡಾಕ್ಟರಗ ಫೋನ್ ಮಾಡಿ ಹೇಳ್ತೀನಿ,” ಅಂದ ಮಾಮಾ. “ಮನ್ಯಾಗಽ ಕುಂದರು. ಎಲ್ಲಿ ಹೋಗೂದೈತಿ?”

ಮಾಮಿ ಅವನನ್ನೇ ನೋಡಿದರು. “ಕುಂದರ್ತೀನ್ರಿ,” ಅಂದರು ಮೆಲ್ಲಗೆ. “ಗಾಡಿಗಿ ಹಾಕಿದಂಗ ನನಗೂ ಒಂದ ಪ್ಲಾಸ್ಟಿಕ್ ಹೊಚ್ಚಿ ಮೂಲ್ಯಾಗ ಇಟ್ಟಬಿಡ್ರಿ.” ಆಮೇಲೆ ಧ್ವನಿ ಏರಿತು. “ಪುರೇ ಝಾಲಂ! ಮೀ ಚಾಲಲೇ.”

ಸಾಕಾಯಿತು, ನಾನು ಹೊರಟೆ, ಎಂದು ಅರ್ಥ. ಮರಾಠಿಯಲ್ಲಿ ಹೊರಟೆ ಎನ್ನುವುದಕ್ಕೂ ನಡೆದೆ ಎನ್ನುವುದಕ್ಕೂ ಅದೇ ಮಾತು ನಡೆಯುತ್ತದೆ. ಮಾಮಿ ಎರಡನ್ನೂ ಮಾಡಿದರು. ವಾಕರು ಮುಂದಿಟ್ಟು ಅಂಗಳ ದಾಟಿದರು, ಗೇಟು ದಾಟಿದರು, ಕಬ್ಬಿನ ನಡುವಿನ ಗಾಡಿದಾರಿ ಹಿಡಿದರು. ಗೇಟಿನಿಂದ ಮುಂದಕ್ಕೆ ತಾವಾಗಿ ಕಾಲಿಟ್ಟದ್ದು ಆಪರೇಷನ್ನಿನ ನಂತರ ಅದೇ ಮೊದಲು. ಮಾಮಾ ಪಾನಾ ಹಿಡಿದುಕೊಂಡೇ ಓಡಿದ, ಅವನ ಹಿಂದೆ ನಾನು.

“ಅಲ್ಲ ಬೇ, ಬೀಳ್ತಿ! ನಿಲ್ಲ! ಲೇ ಮಾಸ್ತರ, ಹಿಡೀಲೇ ಆಕಿನ್ನ!”

ಹಿಡಿಯುವ ಧೈರ್ಯ ನನಗಿರಲಿಲ್ಲ. ಮಾಮಿ ವಾಕರು ಇಡುತ್ತಿದ್ದರು, ಒಂದು ಹೆಜ್ಜೆ ಹಾಕುತ್ತಿದ್ದರು, ನಿಲ್ಲುತ್ತಿದ್ದರು, ಮತ್ತೆ ಇಡುತ್ತಿದ್ದರು. ಬೆನ್ನ ಮೇಲೆ ಕುಪ್ಪಸ ಬೆವರಿನಿಂದ ಒದ್ದೆಯಾಗಿತ್ತು. ಒಬ್ಬ ಟ್ರ್ಯಾಕ್ಟರಿನವನು ನಿಧಾನ ಮಾಡಿ, “ಅವ್ವಾರ, ಎಲ್ಲಿಗ್ರಿ? ಯಾರರೆ ಬರಬೇಕೇನ್ರಿ ಜೋಡಿ?” ಅಂದ. “ಜೋಡಿ ಇಬ್ಬರದಾರಪ್ಪ, ಅದಽ ತ್ರಾಸ ಆಗೇತಿ,” ಅಂದರು ಮಾಮಿ. ಅವನು ಪಾನಾ ಹಿಡಿದ ಮಾಮಾನನ್ನೂ, ಮೂಗಿಗೆ ಗ್ರೀಸು ಮೆತ್ತಿಕೊಂಡ ನನ್ನನ್ನೂ ನೋಡಿ ಮುಂದೆ ಹೋದ.

ರಸ್ತೆಗೆ ಮುಟ್ಟಿದೆವು. ಬಸ್ಸು ಬಂತು. ಮಾಮಿ ಕೈ ಎತ್ತಿದರು. ಆಸ್ಪತ್ರೆಯಲ್ಲಿ ಕಲಿಸಿದಂತೆ ಮೊದಲು ಒಳ್ಳೆಯ ಕಾಲು ಮೇಲಿಟ್ಟು, ಕಂಬಿ ಹಿಡಿದು, ಆಮೇಲೆ ಇನ್ನೊಂದು ಕಾಲು ಎಳೆದುಕೊಂಡರು. ನಾನು ವಾಕರು ಎತ್ತಿಕೊಂಡು ಹತ್ತಿದೆ. ಮಾಮಾನೂ ಹತ್ತಲು ಬಂದ. ಮಾಮಿ ಕಂಡಕ್ಟರನಿಗೆ, “ಅವರನ್ನ ಹತ್ತಿಸಬ್ಯಾಡ್ರಿ, ಕೈ ಹೊಲಸ ಅದಾವು. ಮಂದಿ ಮೈಮ್ಯಾಲಿನ ಅರಬಿ ಕೆಡಸ್ತಾರ,” ಅಂದರು. ಕಂಡಕ್ಟರು ಸೀಟಿ ಊದಿದ. ಮಾಮಾ ರಸ್ತೆಯ ಬದಿಗೆ ಪಾನಾ ಹಿಡಿದು ನಿಂತವನು ಸಣ್ಣವನಾಗುತ್ತ ಹೋದ.

ಸೀಟಿನಲ್ಲಿ ಕೂತ ಮೇಲೆ ಮಾಮಿ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಕಾಗವಾಡ ದಾಟುವ ತನಕ ಬಿಡಲಿಲ್ಲ. ಆಮೇಲೆ, “ಸೊಂಟ ಭಾಳ ನೂಸಾಕತ್ತೈತಿ. ಅವರಿಗಿ ಹೇಳಬ್ಯಾಡ,” ಅಂದರು. ನಾನು ತಲೆಯಾಡಿಸಿದೆ. ಮೀರಜದಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ, ಮಾಮಿ ಬಸ್ಸಿನಲ್ಲಿ ಬಂದರೆಂದು ಕೇಳಿ ಎಷ್ಟು ಸಂತೋಷಪಟ್ಟಳೆಂದರೆ, ಇನ್ನು ಮುಂದೆ ಹಾಗೇ ಬನ್ನಿ ಎಂದುಬಿಟ್ಟಳು.

ಇಲ್ಲಿಗೆ ನನ್ನ ತಾಪತ್ರಯ ಮುಗಿಯಿತೆಂದು ತಿಳಿದಿರಾ? ನಾನೂ ಹಾಗೇ ತಿಳಿದಿದ್ದೆ.

ಮುಂದಿನ ವಾರದಿಂದ ಮಾಮಿ ಬಸ್ಸಿಗೇ ಹೊರಟರು. ಅಷ್ಟರಲ್ಲಿ ಮಾಮಾ ಹೇಗೋ ಪ್ಲಾಸ್ಟಿಕ್ಕು ಕೂರಿಸಿ, ಗಾಲಿ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿದ್ದ. ಬಲಕ್ಕೆ ಪೂರ್ತಿ ತಿರುಗಿಸಿದರೆ ಗಾಲಿ ಉಜ್ಜಿ ಕರಕರ ಎನ್ನುತ್ತಿತ್ತು, ಅಷ್ಟೇ. “ಈಗ ನೀರ ಬರೂದಿಲ್ಲ, ಬಾ,” ಎಂದು ಕರೆದ. ಮಾಮಿ ಬರಲಿಲ್ಲ. ಆಗ ಅವನು ಏನು ಮಾಡಿದನೆಂದರೆ, ಬಸ್ಸಿನ ಹಿಂದೆಯೇ ಗಾಡಿ ಬಿಟ್ಟುಕೊಂಡು ಹೊರಟ.

ಇದನ್ನು ನಾನು ಮೊದಲು ಮಾಮಿಯ ಫೋನಿನಲ್ಲಿ ಕೇಳಿ ನಂಬಲಿಲ್ಲ. ಆಮೇಲೆ ಕಣ್ಣಾರೆ ನೋಡಿದೆ. ಬಸ್ಸು ನಿಂತಲ್ಲೆಲ್ಲ ಅಂಬಾಸಡರು ನಿಲ್ಲುತ್ತಿತ್ತು. ಬಸ್ಸು ಹೊರಟರೆ ಹೊರಡುತ್ತಿತ್ತು. ಇಳಿಯುವ ಪ್ರಯಾಣಿಕರನ್ನು ಮಾಮಾ ಕತ್ತು ಚಾಚಿ ನೋಡುತ್ತಿದ್ದ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರುಗಳು ಹಾರ್ನು ಹೊಡೆದು ಬೈದು ಮುಂದೆ ಹೋಗುತ್ತಿದ್ದವು. ಕಾಗವಾಡದ ತಿರುವಿನಲ್ಲಿ ಕರಕರ ಶಬ್ದ ಬಸ್ಸಿನೊಳಕ್ಕೂ ಕೇಳಿಸುತ್ತಿತ್ತು. ಕಂಡಕ್ಟರನಿಗೆ ಅದೊಂದು ತಮಾಷೆಯಾಗಿಬಿಟ್ಟಿತು. “ಅವ್ವಾರ, ಸಾಹೇಬ್ರ ಗಾಡಿ ಬಂತ ನೋಡ್ರಿ,” ಎಂದು ಕೂಗುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಮಾಮಿ ಸೆರಗು ಮುಖಕ್ಕೆಳೆದುಕೊಂಡು ಕೂರುತ್ತಿದ್ದರು.

ಮಗಳು ಅಥಣಿಯಿಂದ ಫೋನಿನಲ್ಲಿ ಬೈದಳು. ನಾನು ಬೈದೆ. “ರೋಡ ಏನ ಆಕೀದಷ್ಟಽ ಏನಲೇ? ನಾ ನನ್ನ ಕೆಲಸಕ್ಕ ಹೊಂಟಿರ್ತೀನಿ,” ಎಂಬುದು ಮಾಮಾನ ಉತ್ತರ. ಯಾವ ಕೆಲಸವೆಂದು ಕೇಳಿದರೆ ಫೋನು ಕಟ್.

ಚಳಿಗಾಲದ ಕೊನೆಗೆ ಒಂದು ರಜೆಯ ದಿನ ನಾನೂ ಮಾಮಿಯ ಜೊತೆ ಬಸ್ಸಿನಲ್ಲಿದ್ದೆ. ಅಷ್ಟರಲ್ಲಿ ವಾಕರು ಹೋಗಿ ಕೈಗೆ ಬಡಿಗೆ ಬಂದಿತ್ತು. ಕಾಗವಾಡದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಹಿಂದೆ ಗಾಡಿ ಬರಲಿಲ್ಲ. “ಇವತ್ತ ಸಾಹೇಬ್ರಿಗಿ ಸೂಟಿ ಏನ್ರಿ?” ಅಂದ ಕಂಡಕ್ಟರು.

“ಬಿಟ್ಟರು ಕಾಣಸ್ತೈತಿ. ಚಲೋ ಆತು, ಪೀಡಾ ಹೋತು,” ಅಂದರು ಮಾಮಿ. ಬಸ್ಸು ಹೊರಟಿತು. ಮಾಮಿ ಹಿಂದಿನ ಗಾಜಿನ ಕಡೆ ತಿರುಗಿ ನೋಡಿದರು. ಸರಿಯಾಗಿ ಕೂತರು. ಮತ್ತೆ ತಿರುಗಿದರು.

“ಆ ಮೋರಿ ದಾಟೂ ತನಕಾ ಇದ್ರಲ್ಲ?”

“ಹೂನ್ರಿ, ಇದ್ದ.”

“ಹಂಗಾರ ಎಲ್ಲಿ ಹ್ವಾದ್ರು?”

ನಾನು ಫೋನು ಹಚ್ಚಿದೆ. ಎತ್ತಲಿಲ್ಲ. ಮಾಮಿ ಎದ್ದು ನಿಂತೇಬಿಟ್ಟರು. “ನಿಲ್ಲಸ್ರಿ,” ಅಂದರು. ಬಡಿಗೆಯಿಂದ ಬಸ್ಸಿನ ನೆಲ ಬಡಿದರು. “ಬಸ್ ನಿಲ್ಲಸ್ರೀ!”

ಇಳಿದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆವು. ನಾನು ಆಟೋ ಹುಡುಕೋಣ ಎಂದೆ. ಮಾಮಿಗೆ ಕೇಳಿಸಲಿಲ್ಲ. ಅವರ ಜೊತೆ ಹೆಜ್ಜೆ ಹಾಕಲು ನಾನು ಏದುಸಿರು ಬಿಡುತ್ತಿದ್ದೆ ಎಂದರೆ ನಿಮಗೆ ನಗು ಬರಬಹುದು. ಎದುರಿಗೆ ಕಬ್ಬಿನ ಟ್ರಾಲಿಗಳು ಮೈಮೇಲೆ ಬಂದಂತೆ ಬರುತ್ತಿದ್ದ ಆ ರಸ್ತೆಯಲ್ಲಿ ನನಗೆ ನಗು ಬರಲಿಲ್ಲ. ಮಾಮಿಯ ತುಟಿ ಏನೋ ಗೊಣಗುತ್ತಿತ್ತು. ಬೈಗುಳವೋ ದೇವರ ಹೆಸರೋ ತಿಳಿಯಲಿಲ್ಲ.

ಊರ ಹೊರಗಿನ ತಿರುವಿನಲ್ಲಿ ಅಂಬಾಸಡರು ರಸ್ತೆ ಬಿಟ್ಟು ಇಳಿದು ವಾರೆಯಾಗಿ ನಿಂತಿತ್ತು. ಬಲಗಡೆಯ ಪ್ಲಾಸ್ಟಿಕ್ಕು ಕಿತ್ತು ಗಾಲಿಗೆ ಸುತ್ತಿಕೊಂಡು ಹಗ್ಗದಂತಾಗಿತ್ತು. ಮಾಮಾ ಅದರ ಪಕ್ಕ ಮಣ್ಣಿನಲ್ಲಿ ಕೂತಿದ್ದ. ಗಾಯವೇನೂ ಆಗಿರಲಿಲ್ಲ. ಸ್ಟೀರಿಂಗು ತಿರುಗದೆ ಗಾಡಿ ತಗ್ಗಿಗಿಳಿದಾಗ ಹೆದರಿ, ಇಳಿದು ಕೂತವನು ಎದ್ದೇ ಇರಲಿಲ್ಲ.

ನಮ್ಮನ್ನು ನೋಡಿ ಅವನು ಮೊದಲು ಕೇಳಿದ್ದು, “ನಿನ್ನ ಬಸ್ಸು?”

“ಹೋತು,” ಅಂದರು ಮಾಮಿ.

“ಮತ್ತ ವ್ಯಾಯಾಮ?”

“ಇಷ್ಟ ದೂರ ನಡಕೋತ ಬಂದೀನಿ. ಇನ್ನೇನ ವ್ಯಾಯಾಮ ಬೇಕು ನಿಮಗ?”

ಮಾಮಿ ನೆಲಕ್ಕೆ ಕೂರುವಂತಿರಲಿಲ್ಲ. ಮಾಮಾ ಎದ್ದು ಗಾಡಿಯ ಹಿಂದಿನ ಬಾಗಿಲು ತೆರೆದ. ಅವರು ಸೀಟಿನ ಅಂಚಿಗೆ ಕೂತು ಕಾಲು ಹೊರಗಿಟ್ಟರು. ಮಾಮಾ ಮತ್ತೆ ಮಣ್ಣಿನಲ್ಲಿ, ಅವರ ಕಾಲ ಹತ್ತಿರ ಕೂತ. ನಾನು ಅಲ್ಲಿ ಇರಬೇಕೋ ಬೇಡವೋ ತಿಳಿಯದೆ ಗಾಲಿಗೆ ಸುತ್ತಿದ ಪ್ಲಾಸ್ಟಿಕ್ಕು ಎಳೆಯತೊಡಗಿದೆ.

“ನೀ ಬಚ್ಚಲದಾಗ ಬಿದ್ದಾಗ ನನ್ನ ಕರದಿದ್ದಿ,” ಅಂದ ಮಾಮಾ. ಗಾಡಿಗೇ ಹೇಳಿದಂತೆ ಹೇಳಿದ. “ನಾ ಇಲ್ಲೇ ಕಾಗವಾಡದಾಗ ಕುಂತು ಚಹಾ ಕುಡ್ಯಾಕತ್ತಿದ್ನಿ. ಅರ್ಧಾ ದಿನಾ ಒದರಿದ್ದಿ ನೀನು. ಯಾರಿಗೂ ಕೇಳಿಲ್ಲ.”

ಒಂದು ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಯಿತು.

“ನಾ ಬೀಳೂದಿದ್ರ ನಿಮ್ಮ ಕಣ್ಣ ಮುಂದನೂ ಬೀಳ್ತೀನ್ರಿ,” ಅಂದರು ಮಾಮಿ. “ನೀವ ಕಾದ್ರ ಕಾಲಿಗಿ ಬಲಾ ಬರೂದಿಲ್ಲ. ನನಗ ತಿರಗ್ಯಾಡಾಕ ಬಿಡ್ರಿ. ಇವತ್ತ ನೀವ ಟ್ರಾಲಿ ಕೆಳಗ ಹೋಗಿದ್ರ ನಾ ಯಾರನ್ನ ಬೈಕೋತ ಇರಬೇಕಿತ್ತು?”

ಮಾಮಾ ತಲೆ ತಗ್ಗಿಸಿ ಬೆರಳಿಂದ ಮಣ್ಣು ಕೆದರುತ್ತಿದ್ದ. “ಮುಟ್ಟಿದ ಮ್ಯಾಲ ಫೋನರೆ ಮಾಡ,” ಅಂದ.

“ಮಾಡೂದಿಲ್ಲ. ತಿರಗಿ ಬಂದ ಮ್ಯಾಲ ಕಾಣಸ್ತೀನಲ್ಲ?”

ಅವತ್ತಿನಿಂದ ಅಂಬಾಸಡರು ಬಸ್ಸಿನ ಬೆನ್ನು ಬಿಟ್ಟಿತು. ಆ ಪ್ಲಾಸ್ಟಿಕ್ಕನ್ನು ಮಾಮಾ ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿ, ಹರಿದಲ್ಲಿ ಹೊಲಿದು, ಉಜ್ಜುವಲ್ಲಿ ಕೊರೆದು, ಮತ್ತೆ ಕೂರಿಸಿದ. ಈ ಸಲ ಅದು ಕೂತಿತು. ಎಷ್ಟು ಚೆನ್ನಾಗಿ ಕೂತಿದೆಯೆಂದರೆ ಮಡ್‌ಗಾರ್ಡಿನೊಳಗೆ ಒಂದು ಚಿಟಿಕೆ ಕೆಸರು ಹೋಗುವುದಿಲ್ಲ. ಗಾಡಿ ಈಗ ಹೊರಗೇ ಹೋಗುವುದಿಲ್ಲವಾದ್ದರಿಂದ ಇದನ್ನು ಪರೀಕ್ಷಿಸಿ ನೋಡುವುದು ಮಾತ್ರ ಕಷ್ಟ.

ನಿಪ್ಪಾಣಿಯ ಗ್ಯಾರೇಜಿನಲ್ಲಿ ಇದೆಲ್ಲ ನೆನಪಾಗಿ, ಬಹಳ ದಿನದಿಂದ ಅತ್ತ ಹೋಗಿಲ್ಲವಲ್ಲ ಎನಿಸಿ, ಮುಂದಿನ ಭಾನುವಾರ ಉಗಾರಕ್ಕೆ ಹೋದೆ. ಮಾಮಿ ಇರಲಿಲ್ಲ. ಅಕ್ಕಪಕ್ಕದ ತೋಟದ ಹೆಂಗಸರ ಜೊತೆ ನದಿ ದಂಡೆಯ ಯಡೂರಿಗೆ, ವೀರಭದ್ರನ ದರ್ಶನಕ್ಕೆ ಹೋಗಿದ್ದರು. ಬಡಿಗೆಯನ್ನೂ ಮನೆಯಲ್ಲೇ ಬಿಟ್ಟು ಹೋಗಿದ್ದಾರೆಂದು ಮಾಮಾ ದೂರು ಹೇಳಿದ. ತಾನೇ ಮಾಡಿದ ಉಪ್ಪಿಟ್ಟು ಬಡಿಸಿದ. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಹೊತ್ತು ಇಳಿಯುತ್ತ ಬಂದಂತೆ ಅವನ ಓಡಾಟ ಶುರುವಾಯಿತು. ಪಡಸಾಲೆಯಿಂದ ಗೇಟಿಗೆ ಹೋಗುವುದು, ನಿಲ್ಲುವುದು, ಬರುವುದು. “ನದಿಗಿ ನೀರ ಭಾಳ ಬಂದಾವಂತ,” ಅನ್ನುವುದು. “ಮಾಮಾ, ಕುಂದರ ಒಂದ ಕಡೆ,” ಎಂದು ನಾನು ಮೊದಲಿನಂತೆಯೇ ರೇಗಿದೆ. ದೊಡ್ಡ ರಸ್ತೆಯಲ್ಲಿ ಬಸ್ಸು ಬಂದು ನಿಂತ ಸಪ್ಪಳವಾಯಿತು. ಅವನು ಗೇಟಿನ ಕಂಬ ಹಿಡಿದು ಕಿವಿಗೊಟ್ಟು ನಿಂತ. ಕಬ್ಬಿನಾಚೆಯಿಂದ ಹೆಂಗಸರ ನಗು ಕೇಳಿಸಿತು. ಅದರಲ್ಲಿ ಮಾಮಿಯ ದನಿ ಗುರುತು ಹತ್ತಿದ್ದೇ ತಡ, ಮಾಮಾ ಒಳಗೆ ಓಡಿ ಬಂದು ಆರಾಮ ಕುರ್ಚಿಯಲ್ಲಿ ಬಿದ್ದು, ಪೇಪರು ಬಿಡಿಸಿ ಮುಖದ ಮುಂದೆ ಹಿಡಿದುಕೊಂಡ. ಪೇಪರು ಏದುಸಿರಿಗೆ ಮೇಲೆ ಕೆಳಗೆ ಆಡುತ್ತಿತ್ತು.

ಮೊದಲಾಗಿದ್ದರೆ ನಾನು ಮಾಮಿ ಒಳಗೆ ಬರುವ ಮೊದಲೇ ಎಲ್ಲ ಹೇಳಿಬಿಡುತ್ತಿದ್ದೆ. ಈ ಸಲ ಪೇಪರಿನ ಅರ್ಧ ಹಾಳೆಯನ್ನು ಅವನ ಕೈಯಿಂದ ಮೆಲ್ಲಗೆ ಎಳೆದುಕೊಂಡು ನಾನೂ ನನ್ನ ಮುಖದ ಮುಂದೆ ಹಿಡಿದೆ.

ಮಾಮಿ ಬಂದು ಬಾಗಿಲಲ್ಲಿ ನಿಂತರು.

“ಯಾವಾಗ ಬಂದಿ?” ಅಂದ ಮಾಮಾ, ಪೇಪರಿನ ಹಿಂದಿನಿಂದ.

ಮಾಮಿ ಅವನನ್ನು ನೋಡಿದರು, ನನ್ನನ್ನು ನೋಡಿದರು. “ಲೈಟ್ ಹಾಕದಽ ಕತ್ತಲದಾಗ ಇಬ್ಬರೂ ಏನ ಓದಾಕತ್ತೀರಿ?”

ಮಾಮಾ ನನ್ನ ಕಡೆ ತಿರುಗಿದ.

“ಕ್ರಿಕೆಟ್ ಸುದ್ದಿ ಐತ್ರಿ ಮಾಮಿ,” ಎಂದೆ ನಾನು.